ವಾಣಿಜ್ಯ ಪುಟದಲ್ಲಿ ಉಳಿದ ಕೈ

ವಾಣಿಜ್ಯ ಸುದ್ದಿ ಬರೆಯುವವನು ಕಾರ್ಮಿಕರ ವಠಾರದಲ್ಲಿ ಬಾಡಿಗೆಗಿದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ತಮಿಳುನಾಡು ಗಡಿಯ ಹೊಸೂರಿನ ಉದ್ಯಮಿಗಳನ್ನು ಬೆಳಿಗ್ಗೆ ಪತ್ರಿಕೆಯಲ್ಲಿ ಹೊಗಳುತ್ತಿದ್ದೆ. ಸಂಜೆ ಮೂಕಂಡಪಲ್ಲಿಯ ನಮ್ಮ ವಠಾರದ ನಲ್ಲಿಯ ಮುಂದೆ ಅದಕ್ಕೆ ಉತ್ತರ ಹೇಳುತ್ತಿದ್ದೆ. ನಗು ಬರುವ ಪ್ರಸಂಗಗಳೇ. ಆದರೆ ನನ್ನ ಬರಹ ಪಕ್ಕದ ಮನೆಯ ಅಕ್ಕನ ಕೆಲಸಕ್ಕೇ ಕುತ್ತು ತಂದಿದ್ದರಿಂದ ಪೂರ್ತಿ ನಗಲು ಆಗುವುದಿಲ್ಲ.

ಸರ್ವರ ಸ್ವಾಗತ

ಬಜೆಟ್ ದಿನ ಒಬ್ಬ ಉದ್ಯಮಿ, ಅವರ ಪತ್ನಿ, ಅವರ ಆಡಿಟರ್, ಹೀಗೆ ಮೂವರ ಅಭಿಪ್ರಾಯ ಕಳಿಸಿ ನಿರಾಳನಾದೆ. "ಒಬ್ಬ ಶ್ರೀಸಾಮಾನ್ಯನೂ ಬೇಕಲ್ಲಯ್ಯಾ" ಎಂದರು ಸಂಪಾದಕರು. ಕೈಗೆ ಸಿಕ್ಕಿದ್ದು ಉದ್ಯಮಿಯ ಡ್ರೈವರ್. ಬಜೆಟ್ ಹೇಗಿದೆ ಎಂದು ಕೇಳಿದೆ.

"ಯಾರಿಗ್ ಗೊತ್ತು ಸಾರ್? ನೀವೆಲ್ಲ ಒಳಗೆ ಎಸಿ ಹಾಕ್ಕೊಂಡು ಟಿವಿ ನೋಡ್ತಿದ್ರಿ. ನಾನ್ ಬಿಸ್ಲಲ್ಲಿ ಕಾರ್ ಒರೆಸ್ತಿದ್ದೆ."

ಆ ಮಾತನ್ನು ಕಳಿಸಲಿಲ್ಲ, ಅವರ ಫೋಟೋ ಮಾತ್ರ ಕಳಿಸಿದೆ. ಮರುದಿನ ನಾಲ್ಕು ಮುಖಗಳ ಮೇಲೆ ಒಂದೇ ಶೀರ್ಷಿಕೆ: "ಬಜೆಟ್‌ಗೆ ಸರ್ವರ ಸ್ವಾಗತ".

ಸೊನ್ನೆ

"ನಾನು ಸೊನ್ನೆಯಿಂದ ಶುರು ಮಾಡಿದವನು" ಎಂದರು ಅದೇ ಉದ್ಯಮಿ, ಸಂದರ್ಶನದಲ್ಲಿ. ಹೆದ್ದಾರಿ ಪಕ್ಕದಲ್ಲಿ ಮಾವ ಕೊಟ್ಟಿದ್ದ ಜಮೀನನ್ನು ಅವರು ಸೊನ್ನೆಯೊಳಗೇ ಸೇರಿಸಿದ್ದರು. ನಾನೂ ಸೇರಿಸಿದೆ. ಪಕ್ಕದ ಮನೆಯ ಅಕ್ಕ ಕನಕಪುರದ ಕಡೆಯವರು, ಆ ಉದ್ಯಮಿಯ ಕಾರ್ಖಾನೆಯಲ್ಲೇ ಕಾಂಟ್ರಾಕ್ಟ್ ಕೆಲಸ. ಬಿಂದಿಗೆ ತುಂಬುವಷ್ಟರಲ್ಲಿ ಸಂದರ್ಶನ ಓದಿ ಮುಗಿಸಿದರು.

"ನಮ್ ಮಾವ ಒಂದ್ ಎಮ್ಮೆ ಕೊಟ್ಬುಟ್ಟಿದ್ರು ಸಾರ್. ಸೊನ್ನೆಯಿಂದ ಶುರು ಮಾಡೋಕೆ ಆಗ್ಲೇ ಇಲ್ಲ. ಅದ್ಕೇ ಹಿಂಗೇ ಉಳ್ಕೊಂಡ್ವಿ."

ಕೈ ಸೋಕದ ಯಂತ್ರ

ಆಮೇಲೆ ಆ ಕಾರ್ಖಾನೆಗೆ ಹೊಸ ಯಂತ್ರ ಬಂತು. "ಮನುಷ್ಯರ ಕೈ ಸೋಕದ ಯಂತ್ರದೊಂದಿಗೆ ಉದ್ಯಮಿ" ಎಂದು ಫೋಟೋ ಅಡಿಯಲ್ಲಿ ಬರೆದೆ. ಅದನ್ನು ನಡೆಸುತ್ತಿದ್ದದ್ದು ಈ ಅಕ್ಕನೇ; ಫೋಟೋದಲ್ಲಿ ಪಕ್ಕದಲ್ಲೇ ನಿಂತಿದ್ದರು. ಯಜಮಾನರು ಎದ್ದು ಕಾಣಲೆಂದು ಅಕ್ಕನನ್ನು ಕತ್ತರಿಸಿದೆ. ಯಂತ್ರದ ಮೇಲಿಟ್ಟಿದ್ದ ಕೈ ಮಾತ್ರ ಉಳಿಯಿತು.

ಆರು ತಿಂಗಳಲ್ಲಿ ಅಕ್ಕನನ್ನು ಕೆಲಸದಿಂದ ತೆಗೆದರು. ಒಂಬತ್ತು ವರ್ಷ ದುಡಿದವರಿಗೆ ಒಂದು ಗುರುತಿನ ಚೀಟಿಯೂ ಇರಲಿಲ್ಲ.

"ನಾನ್ ಅಲ್ಲಿ ಕೆಲ್ಸನೇ ಮಾಡಿಲ್ವಂತೆ ಸಾರ್. ಆಪೀಸರ್ ಮುಂದೆ ಒಂದ್ ಮಾತು ಹೇಳೋಕೆ ಬತ್ತೀರಾ?"

ಉದ್ಯಮಿಯ ಜಾಹೀರಾತು ನಿಂತೀತೆಂದು ಎರಡು ದಿನ ಅಕ್ಕನ ಕಣ್ಣು ತಪ್ಪಿಸಿ ಓಡಾಡಿದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಮೂರನೆಯ ದಿನ ಹೋದೆ.

ಕಾರ್ಮಿಕ ಅಧಿಕಾರಿಯ ಮುಂದೆ ಕಾರ್ಖಾನೆಯ ಮ್ಯಾನೇಜರ್ ನನ್ನ ಸುದ್ದಿಯನ್ನೇ ಹಿಡಿದು ನಿಂತಿದ್ದ. "ನೋಡಿ ಸಾರ್, ಕೈ ಸೋಕದ ಯಂತ್ರ. ಪೇಪರ್‌ನೋರೇ ಬರ್ದವ್ರೆ. ಇದಕ್ಕೆ ಆಳೇ ಬೇಕಿಲ್ಲ."

ಅಧಿಕಾರಿ ಫೋಟೋವನ್ನು ಕಣ್ಣಿನ ಹತ್ತಿರ ತಂದುಕೊಂಡರು. "ಇದು ಯಾರೋಡ ಕೈ?" ಎಂದು ತಮಿಳಿನಲ್ಲಿ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಗಡಿಬಿಡಿಯಲ್ಲಿ "ನಮ್ ಯಜಮಾನ್ರುದು ಸಾರ್" ಎಂದುಬಿಟ್ಟ.

ಅಕ್ಕ ಸೆರಗಿನಡಿಯಿಂದ ಕೈ ತೆಗೆದು ಮೇಜಿನ ಮೇಲೆ ಚಾಚಿದರು. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಹೇಳದವರ ಮುಂಗೈಯಲ್ಲಿ ಆ ಹೆಸರು ದಪ್ಪ ಅಕ್ಷರದ ಹಚ್ಚೆಯಾಗಿತ್ತು. ಫೋಟೋದ ಕೈಯಲ್ಲೂ ಅದೇ ಹಚ್ಚೆ.

ಅಧಿಕಾರಿ ಎರಡನ್ನೂ ನೋಡಿ ಮ್ಯಾನೇಜರ್ ಕಡೆ ತಿರುಗಿದರು. ಈ ಸಲ ಅಚ್ಚ ಕನ್ನಡ. "ಈಯಮ್ಮನ ಗಂಡನ ಹೆಸ್ರನ್ನ ನಿಮ್ ಯಜಮಾನ್ರು ಯಾಕಪ್ಪ ಹಚ್ಚೆ ಹಾಕಿಸ್ಕೊಂಡವ್ರೆ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ತಿಂಗಳೊಳಗೆ ಅಕ್ಕ ಕೆಲಸಕ್ಕೆ ವಾಪಸಾದರು. ಅವತ್ತು ಸಂಜೆ ಮೈಸೂರುಪಾಕ್ ತಂದು ನನ್ನ ತಟ್ಟೆಗೆ ಹಾಕಿದರು.

"ನೀವು ಆ ಕೈ ಉಳಿಸ್ದೇ ಇದ್ದಿದ್ರೆ ನನ್ ಗತಿ ಏನಾಗ್ತಿತ್ತು ಸಾರ್?"

ಕೈಯನ್ನೂ ಕತ್ತರಿಸಲೆಂದೇ ಹೊರಟಿದ್ದೆ. ಕತ್ತರಿಸಿದರೆ ಯಜಮಾನರ ಭುಜವೂ ಹೋಗುತ್ತಿತ್ತು, ಅದಕ್ಕೇ ಬಿಟ್ಟಿದ್ದೆ. ಇದನ್ನು ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಕ್ಕ ಬಾಯಿಗೇ ಇನ್ನೊಂದು ತುಂಡು ಹಾಕಿದರು.