ಗಾಳಿಗೆ ಬೀಗ ಹಾಕಿದ್ದು

ಕಣ್ಣಿಗೆ ಕಾಣದ ವಸ್ತುಗಳೆಂದರೆ ನನಗೆ ಮೊದಲಿನಿಂದಲೂ ಭಯಭಕ್ತಿ. ದೇವರು, ವಿದ್ಯುತ್ತು, ಈಚೆಗೆ ವೈರ್‌ಲೆಸ್ಸು. ಅರಸೀಕೆರೆಯ ನಮ್ಮ ಮನೆಗೆ ಇಂಟರ್‌ನೆಟ್ ಬಂದಮೇಲೆ ಸಂಜೆ ಹೊತ್ತು ಬೇಲೂರಿನ ಭಾವಮೈದುನನ ಜೊತೆ ಅದರಲ್ಲೇ ಚದುರಂಗಕ್ಕೆ ಕೂರುತ್ತಿದ್ದೆ. ಗಂಡಸಿ ಊರಿನ ಕಡೆ ತೆಂಗಿನ ತೋಟವಿರುವ ಪಕ್ಕದ ಮನೆಯ ರುದ್ರಪ್ಪನವರು ಅದೇ ಹೊತ್ತಿಗೆ ಪಾಸ್‌ವರ್ಡಿಲ್ಲದ ನಮ್ಮ ವೈರ್‌ಲೆಸ್ಸಿನಿಂದಲೇ ಸಿನಿಮಾ ಇಳಿಸಿಕೊಳ್ಳುತ್ತಿದ್ದರು. ನನ್ನ ಆನೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ಗಡಿಯಾರ ಮಾತ್ರ ಓಡುತ್ತಿತ್ತು. ಆಟ ಮುಗಿದೊಡನೆ ಫೋನು: "ಏನ್ ಭಾವ, ಇವತ್ತೂ ನೆಟ್ ಕೈಕೊಡ್ತಾ?" ಅವನ ದನಿಯಲ್ಲಿದ್ದ ಮರುಕ ಸಹಿಸಲಾಗಲಿಲ್ಲ. ಅವನನ್ನು ಸೋಲಿಸದೆ ಬೇಲೂರಿಗೆ ಕಾಲಿಡುವುದಿಲ್ಲ ಎಂದು ಹೆಂಡತಿಯೆದುರು ಘೋಷಿಸಿದೆ. "ಅಂದ್ರೆ ತವರಿಗೆ ನಾನೊಬ್ಳೇ ಹೋಗ್ಬೇಕು ಅನ್ನಿ," ಎಂದಳು.

ರುದ್ರಪ್ಪನವರಿಗೆ ಬೇಡವೆನ್ನಲು ಬಾಯಿ ಬಾರದು. ವಾರವಾರ ಅವರ ತೋಟದ ಎಳನೀರು ಕುಡಿಯುವ ಬಾಯಿ. ಗಾಳಿಗೇ ಬೀಗ ಹಾಕುವುದೆಂದು ತೀರ್ಮಾನಿಸಿದೆ. ಪಾಸ್‌ವರ್ಡಿಲ್ಲದೆ ಯಾರಿಗೂ ಓದಲಾಗದ ಗುಪ್ತಲಿಪಿಗೆ ಮೋಡೆಮ್ಮು ಸುಲಭವಾಗಿ ಒಪ್ಪಿತು. ಲ್ಯಾಪ್‌ಟಾಪು ಒಪ್ಪಲಿಲ್ಲ. ಅದನ್ನು ನಡೆಸುತ್ತಿದ್ದ ವ್ಯವಸ್ಥೆ ಲಿನಕ್ಸು, ಹಳೇ ಕಾಲದ ಗುರುಗಳಂತೆ ಅದು ಎಲ್ಲವನ್ನೂ ಶಿಷ್ಯನ ಕೈಯಲ್ಲೇ ಮಾಡಿಸುತ್ತದೆ. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಬರೆದು, ಎಲ್ಲೋ ಒಂದು ಉದ್ಧರಣ ಚಿಹ್ನೆ ಬಿಟ್ಟ ತಪ್ಪಿಗೆ ಇಡೀ ಭಾನುವಾರ ದಂಡ ತೆತ್ತೆ. ಕೊನೆಗೆ ಸಂಪರ್ಕವಾಯಿತೆಂಬ ಸಾಲು ಮೂಡಿದಾಗ ಕುರ್ಚಿಯಿಂದ ಎದ್ದು ನಿಂತೆ. ಹಳೇಬೀಡಿನ ಗೋಡೆಗಳ ಮುಂದೆಯೂ ನಾನು ಅಷ್ಟು ಬಾಯಿಬಿಟ್ಟವನಲ್ಲ. ನನ್ನ ಕುದುರೆ, ಮಂತ್ರಿಗಳೆಲ್ಲ ಒಗ್ಗರಣೆಯ ಹೊಗೆಯ ನಡುವೆಯೇ ಹಾರಿಹೋಗುತ್ತಿವೆ; ಮಧ್ಯೆ ಹಿಡಿದವನಿಗೆ ಸಿಗುವುದು ತಲೆಬುಡವಿಲ್ಲದ ಅಕ್ಷರ! ಪಾಸ್‌ವರ್ಡಾಗಿ ನಮ್ಮ ಮನೆದೇವರ ಹೆಸರನ್ನೇ ಇಟ್ಟಿದ್ದೆ. ಇಂಥ ಶುಭಕಾರ್ಯಕ್ಕೆ ಬೇರೆ ಹೆಸರುಂಟೆ?

ಆ ಸಂಜೆ ಆನೆ ಎಲ್ಲೂ ನಿಲ್ಲಲಿಲ್ಲ. ಕಾಫಿ ಆರುವುದರೊಳಗೆ ಸೋತೆ. "ಇವತ್ತು ನೆಟ್ ಚೆನ್ನಾಗಿತ್ತಲ್ವಾ ಭಾವ?" ಎಂದ ಭಾವಮೈದುನ. ಬಹಳ ಚೆನ್ನಾಗಿತ್ತು.

ಮರುದಿನ ರುದ್ರಪ್ಪನವರು ಎಳನೀರಿನ ಗೊನೆ ಇಳಿಸುತ್ತ ನಕ್ಕರು. "ನಿನ್ನೆ ಬೀಗ ಜಡುದ್‌ಬುಟ್ಟಿದ್ರಲ್ಲ ಸಾ! ನಿಮ್ ಮನೆದೇವ್ರು ಯಾವ್ದು ಅಂತ ಬೀದಿಗೆಲ್ಲಾ ಗೊತ್ತೈತೆ. ಬೆಳಿಗ್ಗೆ ಒಂದ್ಸಲ ಹೊಡ್ದು ನೋಡ್ದೆ, ಬತ್ತಾ ಐತೆ!"

"ಬೇರೆ ಏನಾದ್ರೂ ಇಡ್ರೀ," ಎಂದಳು ಹೆಂಡತಿ, ಅವರು ಹೋದಮೇಲೆ.

ಇಟ್ಟ ದೇವರ ಹೆಸರನ್ನು ಕಿತ್ತುಹಾಕುವ ಪಾಪ ನನ್ನಿಂದಾಗದು ಎಂದು ಗಂಭೀರವಾಗಿ ಹೇಳಿದೆ. ಆಮೇಲೆ ಕಾಂಪೌಂಡಿನ ಬಳಿ ಹೋಗಿ, ಸಂಜೆ ಇಳಿಸಿಕೊಳ್ಳಲು ತಕ್ಕದಾದ, ಬಹಳ ಉದ್ದದ ಸಿನಿಮಾ ಒಂದನ್ನು ರುದ್ರಪ್ಪನವರಿಗೆ ಸೂಚಿಸಿ ಬಂದೆ.