ಸ್ವಂತ ಮನೆಗೆ ಫೋನು ಮಾಡಿ ಹೋಗುವುದೆ?

ಹೆಮ್ಮೆ ಪಡಲು ಸ್ವಂತದ್ದೇನೂ ಇಲ್ಲದವರು ಊರಿನ ಹೆಸರು ಹೇಳಿಕೊಂಡು ಮೆರೆಯುತ್ತಾರೆ. ನಾನು ಆ ಪೈಕಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಸಿಕದ ಕಾರ್ಖಾನೆಯೊಂದರಲ್ಲಿ ನಟ್ಟು ಬೋಲ್ಟುಗಳ ಉಗ್ರಾಣ ಕಾಯುತ್ತ ಹತ್ತೊಂಬತ್ತು ವರ್ಷ ಕಳೆದವನು ಬೇರೆ ಯಾವುದಕ್ಕೆ ಮೆರೆಯಬೇಕು? ನನ್ನೂರು ಕಲಬುರಗಿ ಜಿಲ್ಲೆಯಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೆ ನಾಲ್ಕೇ ಮೈಲಿ ದೂರ. ಎಲ್ಲೋರದ ಕೈಲಾಸ ದೇವಾಲಯವನ್ನು ಗುಡ್ಡದಲ್ಲಿ ಕೊರೆಸಿದವನೂ ರಾಷ್ಟ್ರಕೂಟ ಅರಸ. ಅಂದಮೇಲೆ ಕೈಲಾಸ ನಮ್ಮದೇ ಆಯಿತಲ್ಲ! ಕಾರ್ಖಾನೆಗೆ ಬಂದ ಪ್ರತಿಯೊಬ್ಬ ಮರಾಠಿ ಮಿತ್ರನಿಗೂ ಈ ವಿಷಯವನ್ನು ಚಹಾದ ಜೊತೆ ಕುಡಿಸಿದ್ದೇನೆ. ಒಮ್ಮೆ ಇತಿಹಾಸ ಓದಿಕೊಂಡವರೊಬ್ಬರು, "ಆ ಅರಸನ ಕಾಲಕ್ಕೆ ರಾಜಧಾನಿ ಇನ್ನೂ ನಿಮ್ಮ ಕಡೆ ಬಂದೇ ಇರಲಿಲ್ಲ" ಎಂದು ತಕರಾರು ತೆಗೆದರು. "ಬಂದಿರಲಿಲ್ಲ, ಆದರೆ ಬರುವುದಿತ್ತಲ್ಲ" ಎಂದೆ. ಅವರು ಆಮೇಲೆ ನಮ್ಮ ಉಗ್ರಾಣದ ಕಡೆ ಬರಲಿಲ್ಲ.

ಇಷ್ಟೆಲ್ಲ ಇದ್ದರೂ ಕೈಲಾಸವನ್ನು ನಾನು ಕಣ್ಣಾರೆ ನೋಡಿರಲಿಲ್ಲ. ನಾಸಿಕದಿಂದ ನಾಲ್ಕು ತಾಸಿನ ಹಾದಿ, ಎಲ್ಲಿ ಓಡಿಹೋಗುತ್ತದೆ ಎಂಬ ಭರವಸೆ. ಈ ಬೇಸಿಗೆಯಲ್ಲಿ ನನ್ನ ಹೆಂಡತಿ ಶರಣಮ್ಮನ ತಾಳ್ಮೆ ಮುಗಿಯಿತು. "ಮದುವಿ ಆದಾಗಿಂದ ಕೇಳ್ಲತ್ತೀನ್ರಿ, ನಮ್ಮ ಕೈಲಾಸ, ನಮ್ಮ ಕೈಲಾಸ. ಈ ಸಲ ತೋರಸ್ರಿ. ತೋರಸ್ಲಿಲ್ಲಂದ್ರ ಇನ್ನ ಮುಂದ ಮನಿಯೊಳಗ ಅದರ ಹೆಸರು ಎತ್ತಬಾರದು ನೋಡ್ರಿ" ಎಂದಳು. ಕೈಲಾಸದ ಹೆಸರೆತ್ತದಿದ್ದರೆ ಮನೆಗೆ ಬಂದವರ ಮುಂದೆ ನಾನು ನಟ್ಟು ಬೋಲ್ಟಿನ ಬಗ್ಗೆ ಮಾತಾಡಬೇಕಾಗುತ್ತದೆ.

ಆಕೆ ಶನಿವಾರ, ಭಾನುವಾರ ಹೋಗೋಣ ಎಂದಳು. ರಜೆಯ ದಿನ ಸಂತೆಯಂತೆ ಜನ ನೆರೆದಿರುತ್ತಾರೆ, ಕೈಲಾಸಕ್ಕೆ ಹೊರಡುವವರು ಶಿವನ ವಾರ ನೋಡಿಯೇ ಹೊರಡಬೇಕು ಎಂದು ನಾನು ಸೋಮವಾರ ಹಿಡಿದೆ. ಸೋಮವಾರ ಅಜಂತಾ, ಮಂಗಳವಾರ ಎಲ್ಲೋರ. ಎರಡೇ ದಿನ ರಜೆ ಸಿಕ್ಕಿತು. ಮುಂಜಾನೆ ಐದಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ನಮ್ಮ ಹಳೆಯ ಕಾರಿನಲ್ಲಿ ಹೊರಟೆವು. ಕಾರಿನ ಏಸಿ ಎರಡು ವರ್ಷದಿಂದ ಬಿಸಿಗಾಳಿಯನ್ನೇ ಬಿಡುತ್ತದೆ, ಆದರೆ ಸದ್ದು ಮಾತ್ರ ತಂಪಾಗಿದೆ.

ಯೇವಲಾದಲ್ಲಿ ಪೈಠಣಿ ಸೀರೆ ನೇಯುವವನ ಮನೆಯೊಳಗೆ ಹೊಕ್ಕೆವು. ಶರಣಮ್ಮ ಸೆರಗಿನ ನವಿಲನ್ನು ನೋಡುತ್ತ ನಿಂತಳು. ನಾನು ನೇಕಾರನಿಗೆ ಕೈಲಾಸ ಹೇಗೆ ನಮ್ಮದು ಎಂದು ಹೇಳಲು ಶುರುಮಾಡಿ, ಇವತ್ತು ಅಜಂತಾ ನೋಡಿ ನಾಳೆ ಅಲ್ಲಿಗೇ ಹೋಗುತ್ತಿದ್ದೇವೆ ಎಂದೆ. ಆತ ಮಗ್ಗ ನಿಲ್ಲಿಸಿ, "ಪಣ್ ಸಾಹೇಬ್, ಅಜಂತಾ ಆಜ್..." ಎಂದ. ಹೆಚ್ಚು ದೂರ ಅನ್ನುತ್ತಾನೆ ಎಂದುಕೊಂಡು, "ದೂರವಾದರೇನು" ಎಂದು ಮುಂದುವರಿಸಿದೆ. ಆತ ಮೂರು ಸಲ "ಪಣ್ ಸಾಹೇಬ್", ಅಂದರೆ "ಆದರೆ ಸಾಹೇಬರೇ", ಎಂದ. ಮೂರು ಸಲವೂ ನಾನು ಬಿಡಲಿಲ್ಲ. ಕೊನೆಗೆ ಪಾಪ, ನವಿಲಿನ ಕಡೆ ತಿರುಗಿಕೊಂಡ.

ಅಜಂತಾ ತಲುಪಿದಾಗ ಮಧ್ಯಾಹ್ನ ಎರಡು. ವಾಹನ ನಿಲ್ಲಿಸುವ ಬಯಲಿನಲ್ಲಿ ಒಂದು ಎಮ್ಮೆ ಬಿಟ್ಟರೆ ನರಪಿಳ್ಳೆ ಇಲ್ಲ. "ನೋಡು, ಇದು ಸೋಮವಾರದ ಲಾಭ. ಜನಾನೇ ಇಲ್ಲ!" ಎಂದು ಬೀಗಿದೆ. ಎಳನೀರಿನ ಗಾಡಿಯ ಕೆಳಗೆ ಮಲಗಿದ್ದವನು ಒಂದು ಕಣ್ಣು ತೆರೆದು, ಸೋಮವಾರ ಅಜಂತಾಕ್ಕೆ ರಜೆ ಎಂದು ಹೇಳಿ ಮತ್ತೆ ಮುಚ್ಚಿಕೊಂಡ. ಶರಣಮ್ಮ ರೊಟ್ಟಿಯ ಗಂಟು ಬಿಚ್ಚಿದಳು. ಎಮ್ಮೆಯ ಎದುರು ಕೂತು ಊಟ ಮಾಡಿದೆವು. ಊಟ ಮುಗಿದ ಮೇಲೆ ಆಕೆ ಮೆಲ್ಲಗೆ, "ಎಲ್ಲೋರಕ್ಕರ ಒಂದ್ ಫೋನ್ ಹಚ್ಚಿ ಕೇಳ್ರಲ್ಲ" ಎಂದಳು.

ಇಲ್ಲಿ ನಮ್ಮ ಕಡೆಯ ಒಂದು ರೀತಿಯನ್ನು ಹೇಳಬೇಕು. ಬೀಗರ ಮನೆಗೆ ಹೋಗುವಾಗ ನಾವು ವಾರದ ಮೊದಲೇ ಹೇಳಿ ಕಳಿಸುತ್ತೇವೆ. ಸ್ವಂತ ಮನೆಗೆ ಹಾಗೆ ಹೇಳಿ ಹೋದರೆ ಅವಮಾನ. ನಮ್ಮಣ್ಣ ಒಮ್ಮೆ ಪುಣೆಯಿಂದ "ಬರುತ್ತಿದ್ದೇನೆ" ಎಂದು ಫೋನು ಮಾಡಿ ಬಂದದ್ದಕ್ಕೆ ನಮ್ಮವ್ವ ಎರಡು ದಿನ ಅವನನ್ನು "ಬರ್ರಿ, ಕೂಡ್ರಿ" ಎಂದು ಬಹುವಚನದಲ್ಲೇ ಮಾತಾಡಿಸಿದಳು. ಹೀಗಾಗಿ ನಾನು ಎದೆಯುಬ್ಬಿಸಿ, "ಸ್ವಂತ ಮನಿಗಿ ಯಾರರ ಫೋನ್ ಮಾಡಿ ಹೋಗ್ತಾರೇನು? ಅಜಂತಾ ಬ್ಯಾರೆದವರದು. ಎಲ್ಲೋರ ನಮ್ಮದು" ಎಂದೆ.

ಮಂಗಳವಾರ ಬೆಳಿಗ್ಗೆ ಎಲ್ಲೋರದ ಗೇಟಿನ ಮುಂದೆ ಕಾರು ನಿಲ್ಲಿಸಿದೆ. ಅಲ್ಲೂ ಜನ ಇರಲಿಲ್ಲ. ಈ ಸಲ ನಾನು ಬೀಗಲಿಲ್ಲ. ಬೀಗ ಹಾಕಿದ ಗೇಟಿನ ಪಕ್ಕ ಖಾಕಿ ಸೀರೆಯ ಕಾವಲಿನ ಹೆಂಗಸು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. "ಮಂಗಳ್ವಾರೀ ಬಂದ್ ಅಸ್ತೇ, ಸಾಹೇಬ್" ಎಂದಳು. ಶರಣಮ್ಮ ನನ್ನ ಕಡೆ ತಿರುಗಿ, "ಅಲ್ರೀ, ನಿಮ್ಮ ಮನಿ ಬಾಗಲಾ ಯಾವ ವಾರ ಹಾಕಿರ್ತಾರಂತ ನಿಮಗೇ ಗೊತ್ತಿಲ್ಲೇನು?" ಎಂದು ನಗತೊಡಗಿದಳು. ನಿಂತು ನಕ್ಕಳು, ಬಾನೆಟ್ಟಿಗೆ ಒರಗಿ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕನ್ನಡ ಕಿವಿಗೆ ಬಿದ್ದದ್ದೇ ಆ ಹೆಂಗಸು ಎದ್ದು ನಿಂತಳು. "ಯಾವೂರ್ರೀ ಯಕ್ಕಾ? ನಮ್ದು ಆಳಂದ ಕಡಿ. ನಮ್ಮಪ್ಪ ಇಲ್ಲಿ ಬಿಲ್ಡಿಂಗ್ ಕೆಲಸಕ್ಕ ಬಂದು ಇಲ್ಲೇ ಉಳದೀವ್ರಿ." ನನಗೆ ಆಸೆ ಚಿಗುರಿತು. "ನೋಡವ್ವಾ, ಇದನ್ನ ಕಟ್ಟಿಸಿದ ರಾಜನ ಊರಿನವ ನಾ. ಒಂದ್ ಹತ್ತು ನಿಮಿಷ ಬಿಡು" ಎಂದೆ. ಆಕೆ ವಿಚಾರ ಮಾಡಿ, ಬಹಳ ಮರ್ಯಾದೆಯಿಂದ ಹೇಳಿದಳು: "ಆ ರಾಜನೇ ಬಂದ್ರೂ ನಾಳಿಗಿ ಬರ್ರಿ ಅಂತೀನ್ರಿ, ಅಣ್ಣಾರ."

ಕೈಲಾಸ ಕೈಬಿಟ್ಟಿತು. ಮಾತಿನಂತೆ ಇನ್ನು ಮನೆಯಲ್ಲಿ ಅದರ ಹೆಸರೆತ್ತುವಂತಿಲ್ಲ. ನನ್ನ ಪಾಲಿಗೆ ಉಳಿದದ್ದು ಮಳಖೇಡ ಒಂದೇ. ಆ ಆಸ್ತಿಯನ್ನಾದರೂ ಗಟ್ಟಿ ಮಾಡಿಕೊಳ್ಳೋಣವೆಂದು, "ಇರಲಿ ಬಿಡವ್ವಾ, ಖರೇ ರಾಜಧಾನಿ ನಮ್ಮ ಮಳಖೇಡ" ಎಂದೆ.

ಆಕೆಯ ಮುಖ ಅರಳಿತು. "ಹೌದ್ರ್ಯಾ? ಚಲೋ ಆಯ್ತು ನೀವ್ ಸಿಕ್ಕಿದ್ದು. ಮುಂದಿನ ತಿಂಗಳ ಊರಿಗಿ ಹೊಂಟೀನ್ರಿ. ನನ್ ಮಕ್ಕಳಿಗಿ ಕನ್ನಡ ತಿಳೀತದ, ಮಾತಾಡಾಕ ಬರಂಗಿಲ್ಲ. ಅವರಿಗಿ ಮಳಖೇಡದ ಕೋಟಿ ತೋರಸ್ಬೇಕಂದೀನಿ. ಅದಕ್ಕ ಯಾವ ವಾರ ಸೂಟಿ ಇರ್ತದ್ರಿ?"

ಓದುಗರೇ, ಊರಿನಲ್ಲಿದ್ದಷ್ಟು ಕಾಲ, ಹದಿನೆಂಟು ವರ್ಷ, ಆ ಕೋಟೆಯ ಮುಂದಿನಿಂದಲೇ ಕಲಬುರಗಿಗೆ ಬಸ್ಸಿನಲ್ಲಿ ಓಡಾಡಿದ್ದೇನೆ. ಒಂದು ದಿನವೂ ಇಳಿದವನಲ್ಲ. ಶರಣಮ್ಮ ನಗು ನಿಲ್ಲಿಸಿ, ಬಾನೆಟ್ಟಿಗೆ ಒರಗಿದಲ್ಲಿಂದಲೇ ನನ್ನ ಮುಖ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಮನೆಯ ಯಜಮಾನನ ಗತ್ತಿನಿಂದ, "ಮಂಗಳವಾರ" ಎಂದೆ. ಕಾವಲಿನವಳು ಮಂಗಳವಾರ ಹೋಗುವುದಿಲ್ಲ, ಅಷ್ಟರಮಟ್ಟಿಗೆ ನಿಶ್ಚಿಂತೆ. ಉಳಿದ ಆರು ದಿನಗಳಲ್ಲಿ ಅವಳ ಮಕ್ಕಳಿಗೆ ಬಾಗಿಲು ತೆರೆದಿರಲಪ್ಪಾ ಎಂದು ನಾಸಿಕದವರೆಗೂ ಶಿವನನ್ನು ಬೇಡಿಕೊಳ್ಳುತ್ತ ಬಂದೆ.