ಹಾಲೆಂಡಿನ ಜೊತೆ ಕುರಿಸಂತೆಯ ಚೌಕಾಸಿ

"ಕುರಿಸಂತೇಲಿ ನನ್ನ ಗೆದ್ದೋನು ಇನ್ನೂ ಹುಟ್ಟಿಲ್ಲ! ನಿನ್ನ ಯುರೋಪು ಯಾವ ಲೆಕ್ಕ ಕಣಮ್ಮ?"

ಹಿರೇಗುಂಟನೂರಿನ ಕರಿಸಿದ್ದಪ್ಪ ಟವೆಲ್ ಕೊಡವಿ ಹೆಗಲಿಗೇರಿಸಿ ಹೀಗೆ ಘೋಷಿಸಿದಾಗ, ಹಜಾರದಲ್ಲಿ ಇದ್ದವರು ಮಗಳು ಚೈತ್ರಾ, ಹೆಂಡತಿ ತಿಪ್ಪಮ್ಮ ಮತ್ತು ಹಟ್ಟಿಯಿಂದ ತಪ್ಪಿಸಿಕೊಂಡು ಒಳಗೆ ನುಗ್ಗಿದ್ದ ಒಂದು ಕುರಿಮರಿ. ಆ ಮಾತನ್ನು ನಂಬಿದ್ದು ಮರಿಯೊಂದೇ.

ಸಂಗತಿ ಇಷ್ಟು. ಫೈನಾನ್ಸ್‌ನಲ್ಲಿ ಮಾಸ್ಟರ್ಸ್ ಓದಲು ಚೈತ್ರಾಳಿಗೆ ಫ್ರಾನ್ಸಿನ ಒಂದು ಬಿಸಿನೆಸ್ ಸ್ಕೂಲೂ ಹಾಲೆಂಡಿನ ಒಂದು ಬಿಸಿನೆಸ್ ಸ್ಕೂಲೂ ಸೀಟು ಕೊಟ್ಟಿದ್ದವು. ಫ್ರಾನ್ಸಿನದಕ್ಕೆ ದೊಡ್ಡ ಹೆಸರು, ಸ್ಕಾಲರ್‌ಶಿಪ್ಪೂ ಧಾರಾಳ. ಹಾಲೆಂಡಿನವರ ಸ್ಕಾಲರ್‌ಶಿಪ್ ಸಣ್ಣದು. ಆದರೆ ಅಲ್ಲಿ ಓದುತ್ತಲೇ ರೈತರಿಗೆ ಸಾಲ ಕೊಡುವ ಬ್ಯಾಂಕೊಂದರಲ್ಲಿ ಕೂತು ಕೆಲಸ ಕಲಿಯಬಹುದಿತ್ತು. ಚೈತ್ರಾಳ ಮನಸ್ಸು ಅಲ್ಲೇ ಗೂಟ ಹೊಡೆದುಕೊಂಡು ಕೂತಿತ್ತು. ಉತ್ತರ ಹೇಳಲು ಅಂದೇ ಕೊನೆಯ ದಿನ. ಅನುಮಾನಗಳಿದ್ದರೆ ಕೇಳಿ ಎಂದು ಹಾಲೆಂಡಿನ ಸ್ಕೂಲಿನ ಮರೈಕ ಮೇಡಂ ಮಧ್ಯಾಹ್ನ ವೀಡಿಯೊ ಕರೆಗೆ ಬರುವವರಿದ್ದರು.

"ಫ್ರಾನ್ಸಿನೋರು ಕೊಡೋದನ್ನ ಹಾಲೆಂಡಿನೋರ ಕೈಲೇ ಕೊಡುಸ್ತೀನಿ," ಎಂದ ಕರಿಸಿದ್ದಪ್ಪ. "ಈ ಟಗರಿನ ಮುಂದೆ ನಿಂತು ಆ ಟಗರನ್ನ ಹೊಗಳಬೇಕು. ಬಗ್ಗಲಿಲ್ಲ ಅಂದ್ರೆ ಎದ್ದು ಹೊಂಟುಬಿಡಬೇಕು. ಸಂತೆ ಬಾಗಿಲಿನ ಬೇವಿನ ಮರ ದಾಟೋದ್ರೊಳಗೆ 'ಬರ್ರಿ ಬರ್ರಿ' ಅಂತ ಅವರೇ ಕೂಗ್ತಾರೆ. ಆದ್ರೆ ತಿರುಗಿ ಮಾತ್ರ ನೋಡಬಾರದು. ನೋಡಿದ್ರೆ ನಮಗೆ ಆಸೆ ಐತೆ ಅಂತ ಗೊತ್ತಾಗೋಗುತ್ತೆ!"

"ಅಪ್ಪಾ, ಅವರೇನು ಕುರಿ ಮಾರ್ತಿಲ್ಲ!"

"ಹೋದ ಸಂತೇಲಿ ನೀವು ಹಿಡ್ಕೊಂಡು ಬಂದ ಟಗರು ಇನ್ನೂ ಕುಂಟ್ತಾ ಐತೆ," ತಿಪ್ಪಮ್ಮ ನೆನಪಿಸಿದಳು.

"ಅದು ಕುಂಟೋದಲ್ಲ ಕಣೇ, ಗತ್ತು!"

ಪರದೆಯ ಮೇಲೆ ಬಿಳಿಗೂದಲಿನ ಮರೈಕ ಮೇಡಂ ಪ್ರತ್ಯಕ್ಷರಾದರು. ಕರಿಸಿದ್ದಪ್ಪ ಮೀಸೆ ತೀಡಿ ರಣರಂಗಕ್ಕಿಳಿದ.

"ಫ್ರಾನ್ಸಿನದು ಮೈ ತುಂಬ್ಕೊಂಡೈತೆ, ನಿಮ್ಮದು ಬೆನ್ನು ಸವರಿದ್ರೆ ಬರೀ ಮೂಳೆ ಸಿಗ್ತೈತೆ ಅನ್ನಮ್ಮ."

ಚೈತ್ರಾ ಅದನ್ನು ಇಂಗ್ಲಿಷಿಗೆ ತಂದಳು: ನಿಮ್ಮ ಕಟ್ಟಡಗಳು ನಮ್ಮಪ್ಪನಿಗೆ ಬಹಳ ಹಿಡಿಸಿವೆ.

ಮೇಡಂ ನಕ್ಕರು. "ನೋಡ್ದಾ, ಮೆತ್ತಗಾದ್ರು! ಈಗ ಸ್ಕಾಲರ್‌ಶಿಪ್ ಏರಿಸಿ ಅನ್ನು," ಎಂದ ಕರಿಸಿದ್ದಪ್ಪ.

ಇದನ್ನು ಅವಳು ಹೇಗಿತ್ತೋ ಹಾಗೇ ದಾಟಿಸಿದಳು. ಕ್ಷಮಿಸಿ, ಸಾಧ್ಯವಿಲ್ಲ ಎಂದರು ಮೇಡಂ.

ಸಾಧ್ಯವಿಲ್ಲವೇ! ಸಂತೆಯ ಸಾಮ್ರಾಟ ಎದ್ದು ನಿಂತ. ಈ ಘಳಿಗೆಗೆಂದೇ ಕಾಯ್ದಿಟ್ಟುಕೊಂಡಿದ್ದ ಇಂಗ್ಲಿಷನ್ನೆಲ್ಲ ಲ್ಯಾಪ್‌ಟಾಪಿನ ಮೂತಿಗೆ ಎಸೆದ: "ನೋ ಹಾಲೆಂಡ್! ಫ್ರಾನ್ಸ್!" ಟವೆಲ್ ಬೀಸಿಕೊಂಡು ಅಂಗಳಕ್ಕೆ ನಡೆದೇಬಿಟ್ಟ.

ಅಂಗಳದ ಬೇವಿನ ಮರದ ಹತ್ತಿರ ಹೆಜ್ಜೆ ನಿಧಾನವಾಯಿತು. ಒಳಗಿನಿಂದ ಯಾರೂ ಕೂಗಲಿಲ್ಲ. ಓಡಿಬಂದವಳು ಚೈತ್ರಾ.

"ಏನು ಮಾಡ್ಬಿಟ್ಟೆ ಅಪ್ಪಾ! ಫ್ರಾನ್ಸಿನೋರಿಗೆ ನಾನು ಬೆಳಗ್ಗೇನೇ ಬ್ಯಾಡ ಅಂದುಬಿಟ್ಟಿದೀನಿ!"

ಇಡೀ ಸಂತೆಯಲ್ಲಿ ಉಳಿದಿದ್ದ ಒಂದೇ ಒಂದು ಟಗರಿಗೆ ಕರಿಸಿದ್ದಪ್ಪ ಬೆನ್ನು ತೋರಿಸಿ ಬಂದಿದ್ದ!

"ಮೊದಲೇ ಹೇಳಬಾರದೇನಮ್ಮ?"

"ನೀನೆಲ್ಲಿ ಬಾಯಿ ಬಿಡೋಕೆ ಬಿಟ್ಟೆ!" ಅವಳು ಕಣ್ಣೊರೆಸಿಕೊಳ್ಳುತ್ತ ಒಳಗೋಡಿದಳು.

"ಹೋಗಿ ತಪ್ಪಾಯ್ತು ಅನ್ರಿ," ಎಂದಳು ಹಿಂದೆಯೇ ಅಂಗಳಕ್ಕೆ ಬಂದಿದ್ದ ತಿಪ್ಪಮ್ಮ.

"ಎದ್ದು ಬಂದೋನು ಹೆಂಗೆ ವಾಪಸ್ ಹೋಗ್ಲೇ? ಮರ್ಯಾದೆ ಪ್ರಶ್ನೆ!"

"ಹಂಗಾರೆ ಮರ್ಯಾದೆ ಇಟ್ಕಳ್ರಿ. ಮಗಳು ಇಲ್ಲೇ ಕುಂತು ನಿಮ್ಮ ಕುಂಟ ಟಗರಿನ ಕಾಲು ನೀವಲಿ."

ಒಳಗೆ ಮಗಳ ದನಿ ನಡುಗುತ್ತಿತ್ತು. ಹುಟ್ಟಿದ ಪ್ರತಿ ಮರಿಗೂ ಒಂದೊಂದು ಹೆಸರಿಟ್ಟು, ಸಂತೆಗೆ ಹೊರಟಾಗ ಹೆಸರು ಹಿಡಿದು ಕೂಗಿ ಅಳುತ್ತಿದ್ದ ಹುಡುಗಿಯ ಅದೇ ದನಿ. ಆಗಲೂ ಅವನಿಗೆ ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಗೋಡೆಗೊತ್ತಿಕೊಂಡು ಕಿಟಕಿಯ ಬಳಿ ಸರಿದ. ಮೆಲ್ಲಗೆ, ಅರ್ಧ ಮೀಸೆ ಒಂದು ಕಣ್ಣು ಮಾತ್ರ ಕಾಣುವಷ್ಟು, ಇಣುಕಿದ.

ಪರದೆಯಲ್ಲಿ ಮರೈಕ ಮೇಡಂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕಿಟಕಿ ಇದ್ದದ್ದು ಚೈತ್ರಾಳ ಬೆನ್ನ ಹಿಂದೆಯೇ! ಮೇಡಂ ಏನೇನೋ ಹೇಳಿದರು. ಚೈತ್ರಾ ಅಳುತ್ತ ನಗುತ್ತ ತಿರುಗಿದಳು.

"ಅಪ್ಪಾ, ಬಾ ಒಳಗೆ. ಇವರ ತಾತ ದನದ ಸಂತೇಲಿ ವ್ಯಾಪಾರ ಮಾಡ್ತಿದ್ರಂತೆ. ಎದ್ದು ಹೋದೋನು ತಿರುಗಿ ನೋಡಿದ್ರೆ ಏನೂ ಬಿಟ್ಟುಕೊಡಬ್ಯಾಡ ಅಂತ ಹೇಳ್ಕೊಟ್ಟಿದ್ರಂತೆ. ಅದಕ್ಕೇ ಕಾಲ್ ಕಟ್ ಮಾಡದೆ ಕಾಯ್ತಿದ್ರಂತೆ!"

"ಸೀಟು?"

"ಐತಂತೆ. ಸ್ಕಾಲರ್‌ಶಿಪ್ ಮಾತ್ರ ಮೊದಲಿದ್ದಷ್ಟೇ ಅಂತೆ. ಒಪ್ಪಿದ್ರೆ ಅವರ ಸಂತೇಲಿ ಅಂಗೈಗೆ ಅಂಗೈ ತಟ್ಟಿ ವ್ಯಾಪಾರ ಮುಗಿಸ್ತಾರಂತೆ."

"ಉಳಿದದ್ದಕ್ಕೆ ಬ್ಯಾಂಕಿಗೆ ಹೋಗಾಣ, ತಟ್ರಿ ಸುಮ್ನೆ!" ಹಿಂದಿನಿಂದ ತಿಪ್ಪಮ್ಮನ ಅಪ್ಪಣೆ.

ಮೇಡಂ ಅಂಗೈ ಚಾಚಿದರು. ಕರಿಸಿದ್ದಪ್ಪ, ಈಗಷ್ಟೇ ಹುಟ್ಟಿದ ಮರಿಯ ಬೆನ್ನು ಮುಟ್ಟುವಷ್ಟು ಮೆತ್ತಗೆ, ತನ್ನ ಒರಟು ಅಂಗೈಯನ್ನು ಪರದೆಗೆ ತಾಗಿಸಿದ.

ಚೈತ್ರಾ ಹೊರಡುವ ದಿನ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವನು ಮತ್ತೆ ಹಳೆಯ ಗತ್ತಿಗೆ ಮರಳಿದ್ದ. "ಹೋಗೋರು ತಿರುಗಿ ನೋಡಬಾರದು, ಕಳಿಸೋರೂ ಅಷ್ಟೇ," ಎಂದು ಮಗಳ ತಲೆ ಸವರಿ, ಟವೆಲ್ ಕೊಡವಿ, ತಿಪ್ಪಮ್ಮನನ್ನು ಕರೆದುಕೊಂಡು ನೇರ ನಡೆದುಹೋದ. ಬಸ್ಸಿನ ಎಂಜಿನ್ ಗುರುಗುಟ್ಟಿತು. ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಅಪ್ಪಾ," ಚೈತ್ರಾಳ ದನಿ ಒದ್ದೆಯಾಗಿತ್ತು, ನಗುತ್ತಲೂ ಇತ್ತು. "ಕಂಬದ ಹಿಂದೆ ಅರ್ಧ ಮೀಸೆ ಕಾಣ್ತೈತೆ."